ಅಪ್‌ಡೇಟ್: ವಿಂಡೋಸ್ ಲೋಗೋ ಬಂದೊಡನೆ ರೀಸ್ಟಾರ್ಟ್ ಆಗುತ್ತಿದ್ದ ಕಂಪ್ಯೂಟರ್

ರಾಯಚೂರಿನ ಗಂಜ್‌ನಲ್ಲಿರುವ ನಮ್ಮ ಹತ್ತಿ ಅಂಗಡಿಯ ಲೆಕ್ಕದ ಕಂಪ್ಯೂಟರ್ ಸೇಫ್ ಮೋಡ್‌ನಲ್ಲಿ (ಅತ್ಯಗತ್ಯ ಭಾಗಗಳಷ್ಟರಿಂದಲೇ ವಿಂಡೋಸ್ ಆರಂಭವಾಗುವ ವಿಧಾನ) ಸರಿಯಾಗಿ ನಡೆದರೂ, ಮಾಮೂಲಿಯಾಗಿ ಆನ್ ಮಾಡಿದಾಗ ವಿಂಡೋಸ್ ಲೋಗೋ ಬಂದೊಡನೆ ರೀಸ್ಟಾರ್ಟ್ ಆಗುತ್ತಿದೆ ಎಂದು ಹಿಂದೆ ಕೇಳಿದ್ದೆ. ಈಗ ಅದು ಸರಿಹೋಗಿದೆ. ಸಲಹೆ ನೀಡಿದ ಎಲ್ಲರಿಗೂ ಧನ್ಯವಾದಗಳು.

ಗ್ರಾಫಿಕ್ಸ್ ಡ್ರೈವರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕೆಟ್ಟಿರಬಹುದೆಂದು ಹಲವರು ಹೇಳಿದ್ದಿರಿ. ಸೇಫ್ ಮೋಡ್‌ನಲ್ಲಿ ಆ ಡ್ರೈವರ್ ಲೋಡ್ ಆಗುವುದಿಲ್ಲವಾದ್ದರಿಂದ ಊಹೆ ಸಮಂಜಸವೇ ಆಗಿತ್ತು. ಆದರೆ ಅದನ್ನು ತೆಗೆದು ಹೊಸದಾಗಿ ಹಾಕಿದರೂ ಫಲ ಸಿಗಲಿಲ್ಲ, ರ‍್ಯಾಮ್ ಪರೀಕ್ಷೆಯಲ್ಲೂ ದೋಷ ಕಾಣಲಿಲ್ಲ.

ಕೊನೆಗೆ ರಿಪೇರಿಯವರು ಮಲ್ಟಿಮೀಟರ್ ಹಿಡಿದು ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ಹಳದಿ ತಂತಿಯನ್ನು ಪರೀಕ್ಷಿಸಿದರು. ಅಲ್ಲಿ 12 ವೋಲ್ಟ್ ಇರಬೇಕು, ಶೇ. 5ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶವಿರುವುದರಿಂದ 11.4ಕ್ಕಿಂತ ಕೆಳಗಿಳಿಯಬಾರದು, ನಮ್ಮದರಲ್ಲಿ ಗ್ರಾಫಿಕ್ಸ್ ಕಾರ್ಡ್ ಕೆಲಸ ಆರಂಭಿಸುವ ಹೊತ್ತಿಗೆ ಸರಿಯಾಗಿ ಆ ಮಿತಿಯನ್ನು ದಾಟಿ ಕುಸಿಯುತ್ತಿತ್ತು. ಪೆಟ್ಟಿಗೆ ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳಿಗೆ ಹತ್ತಿಯ ಎಳೆಗಳು ಕಂಬಳಿಯಂತೆ ಸುತ್ತಿಕೊಂಡಿದ್ದವು, ವಿದ್ಯುತ್ ಹಿಡಿದಿಡುವ ಎರಡು ಕೆಪಾಸಿಟರ್‌ಗಳ ನೆತ್ತಿ ಉಬ್ಬಿ, ಬುಡದಲ್ಲಿ ಕಂದು ಬಣ್ಣದ ದ್ರವ ಒಣಗಿ ಅಂಟಿತ್ತು. ನಮ್ಮೂರಿನ ಬೇಸಿಗೆಯಲ್ಲಿ ಗಾಳಿಯಾಡದ ಎಸ್‌ಎಂಪಿಎಸ್ ಇಷ್ಟು ಕಾಲ ಬಾಳಿದ್ದೇ ಹೆಚ್ಚು. (ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ಆದ್ದರಿಂದ ಮನೆಯಲ್ಲಿ ಬಿಚ್ಚಲು ಹೋಗಬೇಡಿ.)

ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ರೀಸ್ಟಾರ್ಟ್ ನಿಂತಿದೆ. ಇದರ ಜೊತೆಗೆ ಕಂಪ್ಯೂಟರಿನ ಗಡಿಯಾರವೂ ಹಳೆಯ ದಿನಾಂಕಕ್ಕೆ ಮರಳುತ್ತಿತ್ತು, ಅದು ಬೇರೆಯೇ ದೋಷವಾಗಿತ್ತು. ಆ ಗಡಿಯಾರವನ್ನು ನಡೆಸುವ, ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿದ ನಂತರ ಅದೂ ಸರಿಯಾಯಿತು.