ಕ್ಯಾಲ್ಕುಲೇಟರಿನಲ್ಲಿ ಹತ್ತರ ಘಾತ: ನೀವು ಹೇಗೆ ಕಲಿಸುತ್ತೀರಿ?

ವಿರಾಜಪೇಟೆಯಿಂದ ಪ್ರಶ್ನೆ: ಪ್ರಥಮ ಪಿಯುಸಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. 3×10⁸ ಅಂತ ಬೋರ್ಡಿನಲ್ಲಿ ಬರೆದರೆ ಮಕ್ಕಳಿಗೆ ಅರ್ಥವಾಗುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೈಗೆ ಕೊಟ್ಟರೆ ಉತ್ತರ ಹತ್ತು ಪಟ್ಟು ತಪ್ಪುತ್ತದೆ, ಕೆಲವೊಮ್ಮೆ ಎಲ್ಲೆಲ್ಲಿಗೋ ಹೋಗುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಪೊನ್ನಂಪೇಟೆಯಿಂದ: ಮೇಡಂ, ಹತ್ತು ಪಟ್ಟು ತಪ್ಪಿದರೆ ಇಎಕ್ಸ್‌ಪಿ ಬಟನ್ ನೋಡಿ. ‘×10’ ಆ ಬಟನ್ನಿನೊಳಗೇ ಇದೆ. ಮಕ್ಕಳು ×, 10 ಒತ್ತಿ, ಆಮೇಲೆ ಅದನ್ನೂ ಒತ್ತುತ್ತಾರೆ. 3×10⁸ ಹೋಗಿ 3×10⁹ ಆಗುತ್ತದೆ.

ಭಾಗಾಕಾರದ್ದು ಇನ್ನೂ ದೊಡ್ಡ ತೊಂದರೆ. ಅದಕ್ಕೆ ನಾನು ಸೂರ್ಯನ ಲೆಕ್ಕ ಕೊಡುತ್ತೇನೆ. ಸೂರ್ಯ ನಮ್ಮಿಂದ 1.5×10¹¹ ಮೀಟರ್ ದೂರ, ಬೆಳಕಿನ ವೇಗ ಸೆಕೆಂಡಿಗೆ 3×10⁸ ಮೀಟರ್. ಬೆಳಕು ಬರಲು ಎಷ್ಟು ಹೊತ್ತು ಬೇಕು? ಮೊದಲು ಕ್ಯಾಲ್ಕುಲೇಟರ್ ಮುಟ್ಟುವ ಹಾಗಿಲ್ಲ. 1.5ನ್ನು 3ರಿಂದ ಭಾಗಿಸಿದರೆ 0.5. 11ರಲ್ಲಿ 8 ಕಳೆದರೆ 3. ಅಂದರೆ 0.5×10³, 500 ಸೆಕೆಂಡು. ಎಂಟು ನಿಮಿಷ ಚಿಲ್ಲರೆ.

ಇದನ್ನು ಬರೆದಿಟ್ಟ ಮೇಲೆ ಬಟನ್ ಒತ್ತಲಿ. ×, 10, ಘಾತ ಅಂತ ಬಿಡಿಬಿಡಿಯಾಗಿ ಒತ್ತಿದವರಿಗೆ 5×10¹⁸ ಬರುತ್ತದೆ. ಕ್ಯಾಲ್ಕುಲೇಟರ್ 3ರಿಂದ ಭಾಗಿಸಿ, 10⁸ರಿಂದ ಗುಣಿಸಿಬಿಟ್ಟಿರುತ್ತದೆ. ಇಡೀ ವಿಶ್ವದ ವಯಸ್ಸೇ ಸುಮಾರು 4.35×10¹⁷ ಸೆಕೆಂಡು ಅಂತ ಹೇಳಿ ನೋಡಿ. ಎಲ್ಲಿ ತಪ್ಪಿತು ಅಂತ ತಾವೇ ಹುಡುಕುತ್ತಾರೆ. ಇಎಕ್ಸ್‌ಪಿ ಬಳಸಬೇಕು, ಇಲ್ಲವೇ ಕೆಳಗಿನ ಸಂಖ್ಯೆಯನ್ನು ಪೂರ್ತಿ ಬ್ರಾಕೆಟ್ಟಿನಲ್ಲಿ ಹಾಕಬೇಕು.

ಕುಶಾಲನಗರದಿಂದ: ನಮ್ಮ ಮಕ್ಕಳಿಗೆ ಹಾರಂಗಿ ಜಲಾಶಯದ ಲೆಕ್ಕ ಚೆನ್ನಾಗಿ ಹಿಡಿಸುತ್ತದೆ. ಮಳೆಗಾಲ ಬಂದರೆ ಮನೆಮನೆಯಲ್ಲೂ ಟಿಎಂಸಿ ಮಾತು, ಅಲ್ವಾ? ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, 10⁹. ಹಾರಂಗಿ ತುಂಬಿದರೆ 8.5 ಟಿಎಂಸಿ. 8.5 ಬರೆದು ಪಕ್ಕದಲ್ಲಿ ×10⁹ ಹಾಕಿದರೆ ಆಯಿತು. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಸೊನ್ನೆಗಳನ್ನೆಲ್ಲ ಒತ್ತಿಯೇ ಗುಣಿಸಲು ಹೇಳಿ. ಪರದೆಯಲ್ಲಿ ಹತ್ತು ಅಂಕಿಗೆ ಮಾತ್ರ ಜಾಗ ಇದ್ದರೆ ಕ್ಯಾಲ್ಕುಲೇಟರೇ 2.4055×10¹¹ ಅಂತ ತೋರಿಸುತ್ತದೆ. ಈ ಬರವಣಿಗೆ ಯಾಕೆ ಬೇಕು ಅಂತ ಆಗ ಬೇರೆ ವಿವರಿಸಬೇಕಿಲ್ಲ.

ಸೋಮವಾರಪೇಟೆಯಿಂದ: ಹಳೆಯ ಕೆಲವು ಕ್ಯಾಲ್ಕುಲೇಟರುಗಳ ಪರದೆಯಲ್ಲಿ ‘×10’ ಕಾಣುವುದೇ ಇಲ್ಲ, ಮೂಲೆಯಲ್ಲಿ ಸಣ್ಣಗೆ 11 ಇರುತ್ತದೆ. ಮಕ್ಕಳು ಅದನ್ನು ನೋಡಿದ ಹಾಗೇ 2.4¹¹ ಅಂತ ಬರೆಯುತ್ತಾರೆ. ಅಲ್ಲಿ ಸುಮ್ನೆ ಅಂಕ ಕಳೆಯಬೇಡಿ, ಕೂರಿಸಿಕೊಂಡು ತೋರಿಸಿ. ಇನ್ನೊಂದು, ಕ್ಯಾಸಿಯೋದ ಹಲವು ಮಾದರಿಗಳಲ್ಲಿ ಉತ್ತರ ತೋರಿಸುವ ಸೆಟ್ಟಿಂಗ್ ನಾರ್ಮ್ 1 ಇದ್ದರೆ 0.005 ಕೂಡ 5×10⁻³ ಆಗಿ ಬರುತ್ತದೆ, ನಾರ್ಮ್ 2 ಇದ್ದರೆ 0.005 ಅಂತಲೇ ಬರುತ್ತದೆ. ಪಕ್ಕದವನದ್ದು ಬೇರೆ ಕಂಡರೆ ಮಕ್ಕಳು ಸರಿ ಉತ್ತರವನ್ನೇ ಹೊಡೆದುಹಾಕುತ್ತಾರೆ. ಪಾಠ ಶುರು ಮಾಡುವ ಮೊದಲು ಎಲ್ಲರದ್ದೂ ಒಂದೇ ಸೆಟ್ಟಿಂಗಿನಲ್ಲಿ ಇರುವಂತೆ ನೋಡಿಕೊಳ್ಳಿ.