ಮನೆಯಿಂದಲೇ ಕೆಲಸ, ರಾತ್ರಿ ಎರಡು ಊಟ: ಹನ್ನೆರಡು ಕಿಲೋ ಏರಿದೆ, ದಾರಿ ಹೇಳಿ

ನವನಗರದ ಸೊಸೆ:

ಎಲ್ಲರಿಗೂ ನಮಸ್ಕಾರ. ಊರು ಬಾಗಲಕೋಟೆ, ಮನೆ ನವನಗರದಲ್ಲಿ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ಇಲ್ಲಿ ಕುಳಿತೇ ಮಾಡುತ್ತೇನೆ. ನಮ್ಮ ಮನೆಯವರಿಗೆ ಇಲ್ಲಿ ಔಷಧ ಅಂಗಡಿಯಿದೆ. ಮೊದಲು ನನ್ನದು ತಿಂಗಳಿಗೆ ಎರಡು ಸಲ ಬಂದು ಹೋಗುವ ಸಂಸಾರವಾಗಿತ್ತು. ಜನತಾ ಕರ್ಫ್ಯೂವಿನ ಹಿಂದಿನ ದಿನ, 2020ರ ಮಾರ್ಚ್ 21ರಂದು, ಹದಿನೈದು ದಿನಕ್ಕೆಂದು ಮೂರು ಜೊತೆ ಬಟ್ಟೆ ಹಿಡಿದು ಬಂದವಳು ಇಲ್ಲಿಯೇ ಉಳಿದೆ. ಆ ಮೂರು ಜೊತೆಯಲ್ಲಿ ಒಂದೂ ಈಗ ಮೈಗೆ ಬರುವುದಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಾಗದಿದ್ದುದಕ್ಕೆ ಕಾರಣ ಅತ್ತೆ ಕೊಟ್ಟ ಇಳಕಲ್ ಸೀರೆಗಳು. ಸೀರೆಗೆ ಅಳತೆಯ ಹಂಗಿಲ್ಲ ನೋಡಿ. ರವಿಕೆ ಹೊಲಿಯುವವಳು ಮಾತ್ರ ಎರಡು ಸಲ ನನ್ನ ಮುಖ ನೋಡಿದ್ದಳು.

ಕಳೆದ ತಿಂಗಳು ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇಟ್ಟಿರುವ ತೂಕದ ಯಂತ್ರದ ಮೇಲೆ ಸುಮ್ಮನೆ ಹತ್ತಿ ನಿಂತೆ. 68.5 ಕಿಲೋ. ಬೆಂಗಳೂರಿನಲ್ಲಿದ್ದಾಗ 56 ಇತ್ತು. ಎತ್ತರ 157 ಸೆಂಟಿಮೀಟರ್, ವಯಸ್ಸು 36. ಯಂತ್ರ ಕೆಟ್ಟಿದೆ ಎಂದೆ. ಮನೆಯವರು ಮಾತನಾಡದೆ ಐದು ಕಿಲೋದ ಗೋಧಿ ಹಿಟ್ಟಿನ ಚೀಲವನ್ನು ತಂದು ಅದರ ಮೇಲೆ ಇಟ್ಟರು. 5.0 ಎಂದು ತೋರಿಸಿತು. ಮರುದಿನವೇ ರಕ್ತ ಪರೀಕ್ಷೆ ಮಾಡಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ ಎನ್ನುತ್ತಾರಲ್ಲ, ಅದು 5.9 ಬಂದಿದೆ.

ಬೆಂಗಳೂರಿನಲ್ಲಿ ನಾನೇನೂ ವ್ಯಾಯಾಮ ಮಾಡಿದವಳಲ್ಲ. ವಿಜಯನಗರದ ಕೋಣೆಯಿಂದ ಮೆಟ್ರೊಗೆ ನಡಿಗೆ, ಅಲ್ಲಿಯ ಮೆಟ್ಟಿಲು, ಬೈಯಪ್ಪನಹಳ್ಳಿಯಲ್ಲಿ ಇಳಿದು ಬಸ್ಸಿಗೆ ಓಟ, ಬಸ್ಸಿನಲ್ಲಿ ಕಂಬ ಹಿಡಿದು ನಿಲ್ಲುವುದು, ಕಚೇರಿಯಲ್ಲಿ ಲಿಫ್ಟಿನ ಮುಂದಿನ ಸಾಲು ನೋಡಿ ಬೇಸತ್ತು ನಾಲ್ಕು ಮಹಡಿ ಹತ್ತುವುದು. ದಿನಾ ಬೈದುಕೊಂಡೇ ಮಾಡುತ್ತಿದ್ದೆ. ಆಗ ಮೊಬೈಲ್ ಒಂಬತ್ತು ಸಾವಿರ ಹೆಜ್ಜೆ ತೋರಿಸುತ್ತಿತ್ತು. ಈಗ 1,900. ಮನೆಯಲ್ಲಿ ಮೊಬೈಲ್ ಮೇಜಿನ ಮೇಲೆಯೇ ಬಿದ್ದಿರುತ್ತದೆ ಎನ್ನಿ. ಆದರೂ ಕುರ್ಚಿಯಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ, ಎಣಿಸಿದ್ದೇನೆ.

ಆದರೆ ನನ್ನ ನಿಜವಾದ ತೊಂದರೆ ಹೆಜ್ಜೆಯದಲ್ಲ, ರಾತ್ರಿಯದು. ಅಮೆರಿಕದವರ ಜೊತೆ ಸಂಜೆ ಆರೂವರೆಗೆ ಮೀಟಿಂಗ್ ಶುರುವಾಗುತ್ತದೆ. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುವುದರಿಂದ ನನಗದು ಏಳೂವರೆ. ಮುಗಿಯುವಾಗ ಹತ್ತು, ಹನ್ನೊಂದು. ಅತ್ತೆ ಮಾವ ಎಂಟಕ್ಕೆ ಊಟಕ್ಕೆ ಕೂರುತ್ತಾರೆ. "ಅಷ್ಟು ಹೊತ್ತು ಮಾತನಾಡುತ್ತೀ, ಹೊಟ್ಟೆ ಹಸಿಯುವುದಿಲ್ಲವೇ?" ಎಂದು ಅತ್ತೆ ಬಾಗಿಲನ್ನು ಕಾಲಿನಿಂದ ಮೆಲ್ಲನೆ ತಳ್ಳಿ, ಕ್ಯಾಮೆರಾಕ್ಕೆ ಕಾಣಬಾರದೆಂದು ಸೊಂಟ ಬಗ್ಗಿಸಿಕೊಂಡು ಬಂದು, ಲ್ಯಾಪ್‌ಟಾಪಿನ ಪಕ್ಕ ತಾಟು ಇಟ್ಟು ಹೋಗುತ್ತಾರೆ. ಎರಡು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ (ಚಟ್ನಿಪುಡಿಯ) ಮೇಲೆ ಗುಳಿ ಮಾಡಿ ಎಣ್ಣೆ. ಅರವತ್ತೆಂಟು ವರ್ಷದ ಹೆಂಗಸು ಬಗ್ಗಿಕೊಂಡು ತಂದ ತಾಟನ್ನು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕ್ಯಾಮೆರಾ ಮುಚ್ಚಿ, ಕಿವಿಯನ್ನು ಅಲ್ಲಿ ಕೊಟ್ಟು ಉಣ್ಣುತ್ತೇನೆ. ಏನು ಉಂಡೆ, ಎಷ್ಟು ಉಂಡೆ ಎಂಬುದು ತಾಟು ಬರಿದಾದ ಮೇಲೆಯೇ ತಿಳಿಯುವುದು. ಹತ್ತೂವರೆಗೆ ಮನೆಯವರು ಅಂಗಡಿ ಮುಚ್ಚಿ ಬರುತ್ತಾರೆ. ಅವರೊಬ್ಬರೇ ಉಣ್ಣುವುದು ಸರಿಯಲ್ಲವೆಂದು ಎದುರಿಗೆ ಕೂರುತ್ತೇನೆ. ಕೂತಮೇಲೆ ಕೈ ಸುಮ್ಮನಿರುವುದಿಲ್ಲ.

ಬೆಂಗಳೂರಿನಲ್ಲಿ ಡಬ್ಬಿಯ ಮುಚ್ಚಳ ಹಾಕಿದರೆ ಊಟ ಮುಗಿಯುತ್ತಿತ್ತು. ಇಲ್ಲಿ ರೊಟ್ಟಿಯ ಬುಟ್ಟಿಗೆ ಮುಚ್ಚಳವೇ ಇಲ್ಲ. ಹಗಲಿನ ಚಹಾದ ಲೆಕ್ಕ ಬೇರೆ. ಮನೆಯಲ್ಲಿದ್ದಾಳೆಂದರೆ ರಜೆಯಲ್ಲಿದ್ದಾಳೆ ಎಂದು ಬಂದವರೆಲ್ಲ ತಿಳಿಯುತ್ತಾರೆ. ಪ್ರತಿಯೊಬ್ಬರ ಜೊತೆಗೂ ನನಗೊಂದು ಅರ್ಧ ಕಪ್, ಅದರ ಜೊತೆ ಚೂಡಾ.

ವಾಕಿಂಗ್ ಹೋಗು ಎನ್ನಬೇಡಿ, ಹೋಗಿ ನೋಡಿದ್ದೇನೆ. ಬರಿಗೈಯಲ್ಲಿ ಹೊರಟರೆ ಪ್ರತಿ ಗೇಟಿನಿಂದಲೂ "ಎಲ್ಲಿಗೆ ಹೊರಟಿರಿ?" ಎಂಬ ಪ್ರಶ್ನೆ. ಅದಕ್ಕೆ ಬಟ್ಟೆಯ ಕೈಚೀಲ ಹಿಡಿದು ಹೊರಟೆ. ಯಾರೂ ಕೇಳಲಿಲ್ಲ. ಆದರೆ ಖಾಲಿ ಚೀಲ ಹಿಡಿದು ಮರಳಿದರೆ ಮತ್ತೆ ಪ್ರಶ್ನೆ ಬರುತ್ತದಲ್ಲ? ದಿನಾ ಏನಾದರೂ ಕೊಂಡೆ. ಒಂದು ವಾರದಲ್ಲಿ ಮನೆಯಲ್ಲಿ ನಾಲ್ಕು ಪೊಟ್ಟಣ ಖಾರಾ ಸೇರಿತು.

ಉಪವಾಸ, ಪುಡಿ ಕಲಸಿ ಕುಡಿಯುವುದು, ಇವೆಲ್ಲ ಬೇಡ. ಈ ಮನೆಯಲ್ಲೇ, ಈ ಕೆಲಸದಲ್ಲೇ ಇದ್ದುಕೊಂಡು ದಾರಿ ಕಂಡವರು ಯಾರಾದರೂ ಇದ್ದರೆ ಹೇಳಿ.

ಬಸವರಸ್ತೆ:

ಕಚೇರಿಗೆ ವಾಪಸ್ ಹೋಗಿ. ಎಲ್ಲಾ ತಾನಾಗಿ ಇಳಿಯುತ್ತದೆ.

ನವನಗರದ ಸೊಸೆ:

ಮನೆ ಬಾಡಿಗೆ ನೀವು ಕೊಡುತ್ತೀರಾ ಅಣ್ಣ?

ನಿವೃತ್ತ ಪಿ.ಟಿ. ಮಾಸ್ತರ:

ತಂಗಿ, ನಾನೂ ಬಾಗಲಕೋಟೆಯವನೇ, ಮುಳುಗಡೆಯಲ್ಲಿ ಮನೆ ಕಳೆದುಕೊಂಡು ನವನಗರಕ್ಕೆ ಬಂದವನು. ಮೂವತ್ತು ವರ್ಷ ಮಕ್ಕಳನ್ನು ಓಡಿಸಿದ ಮಾಸ್ತರನಾಗಿಯೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನನಗೆ ಹೊಟ್ಟೆ ಬಂದದ್ದು ನಿವೃತ್ತಿಯಾದ ಮೇಲಲ್ಲ, ಸ್ಥಳಾಂತರವಾದ ಮೇಲೆ. ಹಳೆಯ ಊರಿನಲ್ಲಿ ಓಣಿ ಇಕ್ಕಟ್ಟು. ಕಿರಾಣಿ, ಗಿರಣಿ, ಗುಡಿ, ಕ್ಷೌರದಂಗಡಿ ಎಲ್ಲವೂ ಕಾಲಳತೆಯಲ್ಲಿ. ದಿನಕ್ಕೆ ಹತ್ತು ಸಲ ಹೊರಬೀಳುತ್ತಿದ್ದೆವು, ಅದನ್ನು ಯಾರೂ ವಾಕಿಂಗ್ ಎನ್ನುತ್ತಿರಲಿಲ್ಲ. ಆಲಮಟ್ಟಿಯ ಹಿನ್ನೀರು ಬಂತು, ಸೆಕ್ಟರುಗಳಾದವು. ರಸ್ತೆ ಅಗಲವಾಯಿತು, ಮನೆಯ ಮುಂದೆ ಜಾಗ ಬಂತು, ಪೇಟೆ ದೂರವಾಯಿತು. ಅರ್ಧ ಕಿಲೋ ಉಳ್ಳಾಗಡ್ಡಿಗೂ ಸ್ಕೂಟರ್ ತೆಗೆಯುವುದು ಅಲ್ಲಿಂದ ಶುರುವಾಯಿತು. ನಿನ್ನ ಮಾವನವರನ್ನು ಕೇಳು, ಅವರೂ ಇದನ್ನೇ ಹೇಳುತ್ತಾರೆ.

ಚೀಲದ ಉಪಾಯ ಒಳ್ಳೆಯದೇ, ಕೊಳ್ಳುವ ವಸ್ತು ತಪ್ಪು. ಖಾರಾ ಏಕೆ? ಒಂದು ದಿನಕ್ಕೆ ಬೇಕಾದಷ್ಟೇ ಕಾಯಿಪಲ್ಯ ತಾ. ಒಂದೇ ಸಲ ವಾರದ್ದನ್ನು ತಂದರೆ ಆರು ದಿನದ ನಡಿಗೆ ಹೋಯಿತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಮುಂಜಾನೆ ಆರಕ್ಕೇ ಹೊರಡು. ರವಿವಾರ ಮನೆಯವರನ್ನು ಕರೆದುಕೊಂಡು ಮುಚಖಂಡಿ ಕೆರೆಗೆ ಹೋಗಿ ಬಾ, ಆದರೆ ಗಾಡಿಯನ್ನು ಏರಿಯ ತನಕ ಒಯ್ಯಬೇಡ. ಉಂಡು ನೂರಡಿ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ. ಎರಡನೆಯ ಊಟ ತಪ್ಪಿಸಲಾಗದಿದ್ದರೆ ಅದರ ಬೆನ್ನಿಗೆ ಮಾಳಿಗೆಯ ಮೇಲೆ ಹತ್ತು ನಿಮಿಷ ಓಡಾಡು. ಅಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ.

ಟಿಳಕವಾಡಿ ರಾತ್ರಿಪಾಳಿ:

ಅಕ್ಕ, ಬೆಳಗಾವಿಯಿಂದ ಬರೆಯುತ್ತಿದ್ದೇನೆ. ನಿಮ್ಮದು ಎರಡು ಊಟವಾದರೆ ನನ್ನದು ಎರಡು ಊಟ ಮತ್ತು ನಮ್ಮೂರಿನ ಸಿಹಿ ಕುಂದಾ. ಕೆಲಸ ಮುಗಿಯುವುದು ರಾತ್ರಿ ಒಂದಕ್ಕೆ. ಫ್ರಿಜ್ ತೆರೆದು ನಿಂತಲ್ಲಿಯೇ ಒಂದು ಚಮಚ, ಆಮೇಲೆ ಅಗೆದ ಅಂಚು ಸರಿಮಾಡುವ ನೆಪದಲ್ಲಿ ಇನ್ನೊಂದು. ಕುಂದಾ ಕತ್ತರಿಸಿದಂತೆ ನೆಟ್ಟಗೆ ಕಾಣಬೇಕಲ್ಲ, ಇಲ್ಲದಿದ್ದರೆ ಅವ್ವನಿಗೆ ಗೊತ್ತಾಗುತ್ತದೆ.

ನನಗೆ ಎರಡು ಸಂಗತಿಗಳು ಕೆಲಸ ಮಾಡಿದವು. ಅವ್ವನ ಹೊಲಿಗೆ ಯಂತ್ರ ಮೂಲೆಯಲ್ಲಿತ್ತು. ಅದರ ಮೇಲೆ ಒಂದು ಟ್ರಂಕ್ ಇಟ್ಟು, ಟ್ರಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಸರಿಯಾಗಿ ನನ್ನ ಮೊಣಕೈ ಎತ್ತರ. ಬರೀ ಕೇಳುವ ಮೀಟಿಂಗುಗಳನ್ನೆಲ್ಲ ನಿಂತೇ ಕೇಳುತ್ತೇನೆ. ನಿಂತರೆ ಭಾರೀ ಏನೂ ಕರಗುವುದಿಲ್ಲ, ಆದರೆ ನಿಂತವನು ಅತ್ತಿತ್ತ ನಡೆಯುತ್ತಾನೆ, ಮತ್ತು ನಿಂತಲ್ಲಿ ತಾಟು ಹಿಡಿದು ಉಣ್ಣಲು ಬರುವುದಿಲ್ಲ. ಎರಡನೆಯದು ನಿದ್ದೆ. ನಾಲ್ಕೈದು ತಾಸು ಮಲಗಿದ ಮರುದಿನ ಹಸಿವು ಹುಚ್ಚು ಹಿಡಿದಂತೆ ಇರುತ್ತದೆ, ಅದೂ ಸಿಹಿಯ ಮೇಲೆಯೇ. ಈಗ ಕೋಣೆಗೆ ದಪ್ಪ ಪರದೆ ಹಾಕಿಸಿ ಎಂಟರವರೆಗೆ ಮಲಗುತ್ತೇನೆ. ಎದ್ದಮೇಲೆ ಇಲ್ಲಿಯ ವ್ಯಾಕ್ಸಿನ್ ಡಿಪೋ ಮೈದಾನದ ಮರಗಳ ನಡುವೆ ಎರಡು ಸುತ್ತು. ಮುಂಜಾನೆಯ ಹಿರಿಯರೆಲ್ಲ ಅಷ್ಟರಲ್ಲಿ ಮನೆ ಸೇರಿರುತ್ತಾರೆ, ನೌಕರಿ ಹೋಯಿತೇ ಎಂದು ಕೇಳುವವರು ಕಡಿಮೆ.

ವಿಜಯಪುರದ ಪಥ್ಯದವಳು:

ಅಕ್ಕ, ನಾನು ಆಹಾರತಜ್ಞೆ. ಮೊದಲು ರೊಟ್ಟಿಯ ಮೇಲಿನ ಅಪವಾದ ತೆಗೆಯೋಣ. ಒಂದು ಸಾಧಾರಣ ಜೋಳದ ರೊಟ್ಟಿಗೆ ನಲವತ್ತು ಐವತ್ತು ಗ್ರಾಂ ಹಿಟ್ಟು ಹಿಡಿದರೆ 150 ಕಿಲೋಕ್ಯಾಲೊರಿಯ ಆಸುಪಾಸು, ನಾರು ಕೂಡ ಇದೆ. ನೀವು ಬರೆದ ತಾಟಿನಲ್ಲಿ ಭಾರವಾದದ್ದು ಆ ಗುಳಿ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ 120, ಅದರ ಕೆಳಗಿನ ಶೇಂಗಾದ ಅರ್ಧ ತೂಕವೂ ಎಣ್ಣೆಯೇ. ಹಿಂಡಿ ಇರಲಿ, ಗುಳಿಗೆ ಮೊಸರು ಹಾಕಿ ಎಂದು ಅತ್ತೆಯವರಿಗೆ ಹೇಳಿ. ಅದು ನಮ್ಮದೇ ರೂಢಿ, ಅವರಿಗೆ ಬೇಸರವಾಗಲಾರದು.

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ಕುಳಿತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1,660 ಕಿಲೋಕ್ಯಾಲೊರಿ, ಮಧ್ಯಮ ದುಡಿಮೆಯವಳಿಗೆ 2,130, ಹೊಲದ ಕೆಲಸದಂತಹ ಭಾರೀ ದುಡಿಮೆಗೆ 2,720. ನಿಮ್ಮ ಅತ್ತೆಯವರ ಕೈ ಅಳತೆ ಹೊಲಕ್ಕೆ ಹೋಗುವ ಮನೆಯದು, ನಿಮ್ಮ ಮೈ ಕುರ್ಚಿಯದು. ಮೆಟ್ರೊ ಮೆಟ್ಟಿಲು ತಪ್ಪಿದಾಗ ನೀವು ಎರಡನೆಯ ಸಾಲಿನಿಂದ ಮೊದಲನೆಯದಕ್ಕೆ ಇಳಿದಿರಿ, ಊಟ ಮೂರನೆಯದಕ್ಕೆ ಏರಿತು.

5.9ಕ್ಕೆ ಹೆದರಬೇಡಿ, ಉದಾಸೀನವೂ ಬೇಡ. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇಂಥ ಹೊಸ್ತಿಲಲ್ಲಿದ್ದವರು ಶೇ. 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಹಿಡಿದಾಗ ಮಧುಮೇಹ ಬರುವ ಸಂಭವ ಶೇ. 58ರಷ್ಟು ತಗ್ಗಿತ್ತು. ನಿಮ್ಮ ತೂಕಕ್ಕೆ ಅದು ಐದು ಕಿಲೋಕ್ಕಿಂತ ತುಸು ಕಡಿಮೆ. ಹನ್ನೆರಡನ್ನು ಮರೆತುಬಿಡಿ, ಐದನ್ನು ನೋಡಿ. ವೈದ್ಯರ ಬಳಿ ಹೋದಾಗ ಥೈರಾಯ್ಡ್ ಕೂಡ ನೋಡಿಸಿ.

ಇನ್ನು ತಾಟು. ನೀವೇ ಡಬ್ಬಿಯ ಮಾತು ಬರೆದಿರಿ. ಮನೆಯಲ್ಲೇ ಡಬ್ಬಿ ಕಟ್ಟಿಸಿಕೊಳ್ಳಿ. ಆರು ಗಂಟೆಗೆ ಕಟ್ಟಿ, ಮೀಟಿಂಗಿಗೆ ಮುಂಚೆ ಅಥವಾ ನಡುವೆ ಬಿಡುವು ಸಿಕ್ಕಾಗ ಲ್ಯಾಪ್‌ಟಾಪಿನಿಂದ ಎದ್ದು ಬೇರೆ ಕಡೆ ಕೂತು ಉಣ್ಣಿ. ಗಂಡನ ಎದುರು ಕೂರುವಾಗ ಕೈಗೆ ಒಂದು ಲೋಟ ಮಜ್ಜಿಗೆ ಇರಲಿ.

ನವನಗರದ ಸೊಸೆ:

ಪಥ್ಯದ ಅಕ್ಕ, ಮನೆಯೊಳಗೆ ಡಬ್ಬಿ ಎಂದರೆ ಅತ್ತೆ ನಗುವುದಿಲ್ಲವೇ? ನನ್ನ ಅಡುಗೆಮನೆಯಲ್ಲಿ ಇದ್ದುಕೊಂಡು ನನ್ನ ಕೈಯ ಬಿಸಿ ಊಟ ಬೇಡವಾಯಿತೇ ಎಂದರೆ ಏನು ಹೇಳಲಿ?

ವಿಜಯಪುರದ ಪಥ್ಯದವಳು:

ರಕ್ತದ ವರದಿ ತೋರಿಸಿ. ತೂಕದ ಮಾತು ಎತ್ತಲೇಬೇಡಿ. ಸೊಸೆ ದಪ್ಪಗಾದಳೆಂದರೆ ನಮ್ಮ ಕಡೆ ಅತ್ತೆಗೆ ಹೆಮ್ಮೆ, ಸಕ್ಕರೆ ಬರುತ್ತದೆಂದರೆ ದಿಗಿಲು.

ನವನಗರದ ಸೊಸೆ:

ಮೂರು ವಾರವಾಯಿತು, ವರದಿ ಒಪ್ಪಿಸುತ್ತೇನೆ.

ಸಕ್ಕರೆ ಎಂಬ ಒಂದು ಪದಕ್ಕೆ ಅತ್ತೆ ಕುಳಿತೇಬಿಟ್ಟರು. ಅವರ ಅಣ್ಣನಿಗೆ ಕಾಲಿನ ಬೆರಳು ತೆಗೆದಿದ್ದರಂತೆ. ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಮರುದಿನ ಅವರೇ ಅಟ್ಟದಿಂದ ಮಾವನವರ ಹಳೆಯ ಸ್ಟೀಲಿನ ಡಬ್ಬಿ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಸಂಜೆ ಆರಕ್ಕೆ ಕಟ್ಟಿ ಮೇಜಿನ ಮೇಲೆ ಇಟ್ಟರು. ಕರಾರು ಒಂದೂವರೆ ರೊಟ್ಟಿ. ಮೇಲಿನ ಬಟ್ಟಲಲ್ಲಿ ಒಂದೂವರೆಯೇ ಇತ್ತು. ಕೆಳಗಿನದರಲ್ಲಿ ಪಲ್ಯ ಸರಿಸಿದರೆ ಇನ್ನೊಂದು ರೊಟ್ಟಿ, ನಾಲ್ಕಾಗಿ ಮಡಚಿ ಬದನೆಕಾಯಿಯ ಕೆಳಗೆ ಮಲಗಿಸಿದ್ದರು. ಕೇಳಿದರೆ ಗೊತ್ತೇ ಇಲ್ಲವೆಂದರು. ಈಗ ಅದು ಅಷ್ಟಾಗಿ ನಡೆಯುವುದಿಲ್ಲ. ವಾರಕ್ಕೆ ಒಂದು ಸಲ ಸಿಗುತ್ತದೆ.

ಹತ್ತೂವರೆಗೆ ಮಜ್ಜಿಗೆ ಹಿಡಿದು ಕೂರುತ್ತೇನೆ. ಮೊದಲ ನಾಲ್ಕು ದಿನ ಕೈ ಬುಟ್ಟಿಯ ಕಡೆಗೇ ಹೋಗುತ್ತಿತ್ತು. ನಮ್ಮ ಮನೆಯವರು ಬುಟ್ಟಿಯನ್ನು ತಮ್ಮ ಬಲಗಡೆಗೆ ಇಟ್ಟುಕೊಳ್ಳಲು ಕಲಿತಿದ್ದಾರೆ. ಚಹಾ ಮಾತ್ರ ಬಗ್ಗುತ್ತಿಲ್ಲ. ಆರರಿಂದ ನಾಲ್ಕಕ್ಕೆ ಬಂದಿದ್ದೇನೆ. ಅಂಗಡಿಯ ಯಂತ್ರ ಈಗ 67.3 ಹೇಳುತ್ತಿದೆ, ಈ ಸಲ ಅದು ಕೆಟ್ಟಿಲ್ಲವೆಂದು ನಂಬಿದ್ದೇನೆ.

ಮಾಸ್ತರರೇ, ಚೀಲ ಹಿಡಿದು ದಿನಾ ಮುಂಜಾನೆ ಹೊರಡುತ್ತಿದ್ದೇನೆ. ಆದರೆ ಈಗ ಅತ್ತೆಯವರೂ ಜೊತೆಗೆ ಹೊರಟಿದ್ದಾರೆ. ನಾನೊಬ್ಬಳೇ ಹೋದಾಗ ಜನ ಬರೀ ಪ್ರಶ್ನೆ ಕೇಳುತ್ತಿದ್ದರು, ಅತ್ತೆ ಜೊತೆಗಿದ್ದರೆ ಕೂರಿಸಿಕೊಳ್ಳುತ್ತಾರೆ. ಹಳೆಯ ಓಣಿಯಲ್ಲಿ ನೆರೆಯಲ್ಲಿದ್ದವರೆಲ್ಲ ಈಗ ಬೇರೆ ಬೇರೆ ಸೆಕ್ಟರಿಗೆ ಚದುರಿದ್ದಾರಂತೆ, ಒಬ್ಬೊಬ್ಬರನ್ನೇ ಹುಡುಕಿ ಮಾತನಾಡಿಸುತ್ತಾರೆ. ಇಪ್ಪತ್ತು ನಿಮಿಷದ ದಾರಿಗೆ ಒಂದೂಕಾಲು ತಾಸು. ನಿನ್ನೆ ನಾಲ್ಕು ಮನೆಯ ಕಟ್ಟೆಯ ಮೇಲೆ ಕುಳಿತೆವು. ಅದನ್ನು 150 ನಿಮಿಷದಲ್ಲಿ ಸೇರಿಸಬಹುದೇ?

ನಿವೃತ್ತ ಪಿ.ಟಿ. ಮಾಸ್ತರ:

ಚಹಾ ಕುಡಿದ ಮನೆ ಬಿಟ್ಟು ಉಳಿದವನ್ನು ಸೇರಿಸು.

ನವನಗರದ ಸೊಸೆ:

ಹಾಗಾದರೆ ಸೊನ್ನೆ.