ಪಕ್ಷವಿಲ್ಲದವನ ಗ್ರಾಮಸಭೆ: ಇದು ರಾಜಕೀಯವೋ, ತಪ್ಪಿಸಿಕೊಳ್ಳುವ ದಾರಿಯೋ?

ಪ್ರಶ್ನೆ (ನಿವೃತ್ತ ಶಿಕ್ಷಕ, ತುಮಕೂರು ಜಿಲ್ಲೆ)

1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದಾಗ ನಾನು ಹೈಸ್ಕೂಲು ಹುಡುಗ. ಕಾಲೇಜಿಗೆ ಬರುವಷ್ಟರಲ್ಲಿ ಹೆಗಲ ಮೇಲೆ ಸಂಘದ ಹಸಿರು ಶಾಲು ಬಂದಿತ್ತು, ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಭಾಷಣವಿದೆಯೆಂದರೆ ಎರಡು ಬಸ್ಸು ಬದಲಾಯಿಸಿಯಾದರೂ ಹೋಗುತ್ತಿದ್ದೆ. ಅಪ್ಪಣೆಯಿಲ್ಲದೆ ಯಾವ ಅಧಿಕಾರಿಯೂ ಊರೊಳಗೆ ಕಾಲಿಡಬಾರದು ಎಂಬ ಫಲಕವನ್ನು ಆ ದಿನಗಳಲ್ಲಿ ಅನೇಕ ಹಳ್ಳಿಗಳು ಹಾಕಿದ್ದು ಹಿರಿಯರಿಗೆ ನೆನಪಿರಬಹುದು. ನಮ್ಮೂರ ಅರಳಿಕಟ್ಟೆಯ ಬಳಿ ನೆಟ್ಟ ಫಲಕದ ಅಕ್ಷರಗಳನ್ನು ಬರೆದವನು ನಾನೇ. ‘ಅಪ್ಪಣೆ’ಯ ಒತ್ತಕ್ಷರ ಬಿಟ್ಟುಹೋಗಿ, ಮಾರನೆಯ ದಿನ ಸಣ್ಣ ಕುಂಚದಲ್ಲಿ ಅದನ್ನು ತುರುಕಿದ್ದೆ.

ಅದೇ ಕೈ ಈಗ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮೇಜಿನ ಮುಂದೆ ಚರಂಡಿಯ ಅರ್ಜಿ ಹಿಡಿದು ನಿಲ್ಲುತ್ತದೆ. ಸರ್ಕಾರಿ ನೌಕರಿ ಸೇರಿದ ಮೇಲೆ ನಡತೆ ನಿಯಮಗಳು ಬಾಯಿ ಕಟ್ಟಿದವು. ನಿವೃತ್ತನಾಗುವ ಹೊತ್ತಿಗೆ ಸಂಘವೂ ಬಣಗಳಾಗಿ ಒಡೆದಿತ್ತು, ನನ್ನೊಳಗಿನ ಕಾವೂ ಇಳಿದಿತ್ತು. ಈಗ ಒಂದು ಗ್ರಾಮಸಭೆಯನ್ನೂ ತಪ್ಪಿಸುವುದಿಲ್ಲ, ಪಂಚಾಯಿತಿಯ ವಾರ್ಷಿಕ ಲೆಕ್ಕ ತಪಾಸಣೆಯಾದ ಜಮಾಬಂದಿಯ ದಿನ ಲೆಕ್ಕಪತ್ರ ಓದುತ್ತೇನೆ, ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಕಳೆದ ತಿಂಗಳು ಮಗ ಕೇಳಿದ: “ಅಪ್ಪ, ನೀನು ಈಗ ಯಾವ ಕಡೆ?” “ಚರಂಡಿಯ ಕಡೆ” ಎಂದು ನಗಿಸಿದೆನಾದರೂ ಆ ರಾತ್ರಿ ನಿದ್ದೆ ಬರಲಿಲ್ಲ. ನಂಬಿಕೆ ಸಡಿಲವಾದ ಮೇಲೆ ಇಂಥ ಕೆಲಸಕ್ಕೆ ಕೈಹಾಕುವುದು ರಾಜಕೀಯದ ಮುಂದುವರಿಕೆಯೇ, ಅಥವಾ ಅದರಿಂದ ಮರ್ಯಾದೆಯಾಗಿ ಜಾರಿಕೊಳ್ಳುವ ಉಪಾಯವೇ?

ಉತ್ತರ 1 (ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ)

ಮೇಷ್ಟ್ರೇ, ನಾನು 2015ರಲ್ಲಿ ಮಹಿಳಾ ಮೀಸಲು ಸ್ಥಾನದಿಂದ ಗೆದ್ದವಳು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯಿಲ್ಲ, ನನಗೆ ಸಿಕ್ಕಿದ್ದು ಹೊಲಿಗೆ ಯಂತ್ರ. ಆದರೂ ಯಾರು ಯಾರ ಕಡೆಯವರೆಂಬುದು ಊರಿನ ನಾಯಿಗೂ ಗೊತ್ತಿತ್ತು. ಮೊದಲ ಗ್ರಾಮಸಭೆಯಲ್ಲಿ ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿಯನ್ನು ಎರಡು ನಿಮಿಷದಲ್ಲಿ, ಫ್ಯಾನಿನ ಸದ್ದಿಗಿಂತ ಸಣ್ಣ ದನಿಯಲ್ಲಿ ಓದಿ ಮುಗಿಸಿದರು. ಎರಡನೆಯ ಸಭೆಯಲ್ಲಿ ನಾನು ಎದ್ದುನಿಂತು, ಒಂದೊಂದು ಹೆಸರು ಓದಿದ ಮೇಲೂ ನಿಲ್ಲಿಸಬೇಕು, ಆಕ್ಷೇಪಣೆ ಇದೆಯೇ ಎಂದು ಕೇಳಬೇಕು ಎಂದೆ. ಮೂರನೆಯ ಹೆಸರಿಗೇ ಗಲಾಟೆಯಾಯಿತು, ಏಕೆಂದರೆ ಆತನಿಗೆ ಆಗಲೇ ತಾರಸಿ ಮನೆಯಿತ್ತು. ಸಭೆ ಮುಗಿದ ಮೇಲೆ ಮನೆಮನೆಗೆ ಹಾಜರಾತಿ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿಯನ್ನು ನಿಲ್ಲಿಸಲು ಮಾತ್ರ ನನ್ನ ಅವಧಿಯಲ್ಲಿ ಆಗಲಿಲ್ಲ.

ಚರಂಡಿ ಮೊದಲು ಯಾವ ಕೇರಿಗೆ ಎಂದು ಕೇಳುವುದಕ್ಕಿಂತ ದೊಡ್ಡ ರಾಜಕೀಯ ನಮ್ಮೂರಲ್ಲಿ ನಾನು ಕಂಡಿಲ್ಲ. ನೀವು ಅರ್ಜಿ ಕೊಟ್ಟಿರುವುದು ನಿಮ್ಮ ಬೀದಿಗೋ, ಕಾಲೋನಿಗೋ? ಮಗನಿಗೆ ಕೊಡಬೇಕಾದ ಉತ್ತರ ಅಲ್ಲಿದೆ.

ಉತ್ತರ 2 (ಧಾರವಾಡ)

ನಾನು ಒಪ್ಪುವುದಿಲ್ಲ. ಅಬ್ದುಲ್ ನಜೀರ್ ಸಾಬರು ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪುಗೊಂಡ 1983ರ ಪಂಚಾಯಿತಿ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ದೊರೆತದ್ದು ಅಧಿಕಾರ ಕೆಳಗಿಳಿಯಬೇಕೆಂಬ ರಾಜಕೀಯ ನಂಬಿಕೆಯಿಂದಲೇ ಹೊರತು ಯಾರೋ ಕೊಟ್ಟ ಅರ್ಜಿಯಿಂದಲ್ಲ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಕುರ್ಚಿಯಲ್ಲಿದ್ದರು. ಆಗ ಚರಂಡಿಯ ಕಡೆಯವರೆಲ್ಲ ಎಲ್ಲಿದ್ದೆವು? ಬೀದಿಯ ಕೆಲಸದಲ್ಲಿ ಮುಳುಗಿದವನಿಗೆ ತಲೆಯ ಮೇಲಿನ ಸೂರು ಹಾರಿಹೋದದ್ದು ಕಾಣುವುದಿಲ್ಲ ಎಂಬುದೇ ನನ್ನ ತಕರಾರು. ಅದನ್ನು ಕೇಳಲು ಸಂಘಟನೆ ಬೇಕು, ಒಂದು ಕಡೆ ಎಂಬುದೂ ಬೇಕು.

ಉತ್ತರ 3 (ಬೆಂಗಳೂರು)

ನಿಮಗೆ ಅರ್ಜಿ ಕೊಡಲು ಒಂದು ಮೇಜಾದರೂ ಇದೆ. ಇಲ್ಲಿ ಪಾಲಿಕೆ ಸದಸ್ಯರ ಅವಧಿ ಸೆಪ್ಟೆಂಬರ್ 2020ರಲ್ಲಿ ಮುಗಿದ ಮೇಲೆ ನಮ್ಮ ಬೀದಿಗೊಬ್ಬ ಕಾರ್ಪೊರೇಟರ್ ಇಲ್ಲದೆ ವರ್ಷಗಳೇ ಕಳೆದವು. ಆದರೆ ಒಂದನ್ನು ಒಪ್ಪಿಕೊಳ್ಳಬೇಕು: 2015ರ ಪಾಲಿಕೆ ಚುನಾವಣೆಯ ದಿನ ನಾನು ಮತ ಹಾಕದೆ ಮಡಿಕೇರಿಯಲ್ಲಿದ್ದೆ.

ಪ್ರಶ್ನೆ ಕೇಳಿದವರಿಂದ

ಮಾಜಿ ಸದಸ್ಯೆಯವರ ಪ್ರಶ್ನೆ ಚುಚ್ಚಿತು. ಅರ್ಜಿ ಕೊಟ್ಟಿದ್ದು ನನ್ನ ಬೀದಿಗೇ. ಕಾಲೋನಿಯಲ್ಲಿ ಮಳೆಗಾಲದ ನೀರು ಅಂಗನವಾಡಿಯ ಬಾಗಿಲವರೆಗೆ ಬರುವುದನ್ನು ದಿನವೂ ನೋಡುತ್ತಾ ಹಾದುಹೋಗಿದ್ದೇನೆ. ಧಾರವಾಡದವರ ತಕರಾರನ್ನೂ ತಳ್ಳಿಹಾಕಲಾರೆ, ಆದರೆ ಮತ್ತೆ ಶಾಲು ಹೊದೆಯುವ ವಿಶ್ವಾಸ ನನಗಿಲ್ಲ. ಮುಂದಿನ ಗ್ರಾಮಸಭೆಗೆ ಎರಡು ಕಾಗದ ಒಯ್ಯುತ್ತೇನೆ: ನನ್ನ ಬೀದಿಗಿಂತ ಮೊದಲು ಕಾಲೋನಿಯ ಚರಂಡಿಯನ್ನು ಕ್ರಿಯಾ ಯೋಜನೆಗೆ ಸೇರಿಸಬೇಕೆಂಬುದು ಒಂದು; ಮೇಲಿನ ಎರಡು ಹಂತದ ಪಂಚಾಯಿತಿಗಳಿಗೆ ಐದು ವರ್ಷಕ್ಕೊಮ್ಮೆ ತಪ್ಪದೆ ಚುನಾವಣೆ ನಡೆಯಬೇಕೆಂದು ಸಭೆ ಠರಾವು ಮಾಡಬೇಕೆಂಬುದು ಇನ್ನೊಂದು. ಎರಡನೆಯದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎನ್ನುತ್ತಾರೆ, ಅದು ಗೊತ್ತಿರುವುದೇ. ಹಾಗೆಂದರು ಎಂಬುದನ್ನೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕುತ್ತೇನೆ.